ಗುಡ್ಡದಲ್ಲಿ ಏನೂ ಇಲ್ಲ ಎಂದವರಿಗೆ ಅವ್ವ ತೋರಿಸಿದ್ದು

ನಾನು ಐದನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮ ಕಡೆ ಆಷಾಢವೆಂದರೆ ಗಾಳಿ ಮತ್ತು ಸೊಪ್ಪು. ಕೂಲಿ ಇರುತ್ತಿರಲಿಲ್ಲ, ರಾಗಿ ತುಂಬಿಡುವ ಮಣ್ಣಿನ ವಾಡೆ ತಳ ಕಂಡಿರುತ್ತಿತ್ತು. ಹೊಳೆನರಸೀಪುರ ತಾಲ್ಲೂಕಿನ ನಮ್ಮಂಥ ಊರುಗಳಲ್ಲಿ ಮುದ್ದೆಯ ಪಕ್ಕಕ್ಕೆ ಏನಾದರೂ ಬರಬೇಕಾದರೆ ಗುಡ್ಡ ಹತ್ತಬೇಕಿತ್ತು.

ನಮ್ಮವ್ವ ಪುಟ್ಟಮ್ಮನಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಊರ ಹಿಂದಿನ ಗುಡ್ಡದ ಕುರುಚಲು ಕಾಡು ಮಾತ್ರ ಅವಳಿಗೆ ಮನೆಯ ಅಡಿಗೆಕೋಣೆಯಷ್ಟೇ ಪರಿಚಯ. ಬೆಳಗಾದರೆ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಅದು ಉಪ್ಪುಸಾರಾಗುವಾಗ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದ ಖಾರದ ವಾಸನೆ ಬೀದಿಯ ತುದಿಗೂ ಬರುತ್ತಿತ್ತು. ಮಳೆ ಬಿದ್ದ ಮೂರನೇ ದಿನಕ್ಕೆ ಹುತ್ತದ ಅಣಬೆ. ನಾವು ಮಕ್ಕಳು ಕವಳೆಹಣ್ಣು ತಿಂದು ಯಾರ ನಾಲಿಗೆ ಹೆಚ್ಚು ಕಪ್ಪಾಯಿತೆಂದು ಪಂದ್ಯ ಕಟ್ಟುತ್ತಿದ್ದೆವು. ಬೇಸಿಗೆಯಲ್ಲಿ ಸೀಗೆಕಾಯಿ, ಮುತ್ತುಗದ ಎಲೆ ಸಂತೆಗೆ ಹೋಗುತ್ತಿದ್ದವು. ನನ್ನ ಶಾಲೆಯ ನೀಲಿ ಲಂಗ ಬಂದದ್ದು ಸೀಗೆಕಾಯಿಯಿಂದಲೇ.

ಆ ವರ್ಷ ಒಂದು ಬೆಳಿಗ್ಗೆ ಜೀಪಿನಲ್ಲಿ ಅರಣ್ಯ ಇಲಾಖೆಯ ಒಬ್ಬ ಆಫೀಸರು ಬಂದರು. ಊರವರನ್ನು ಶಾಲೆಯ ಮುಂದೆ ಸೇರಿಸಿ, ಗುಡ್ಡದ ಪೊದೆಯನ್ನೆಲ್ಲ ಕಡಿದು ನೀಲಗಿರಿ ನೆಡುತ್ತೇವೆ, ಸುತ್ತ ಬೇಲಿ ಬರುತ್ತದೆ ಎಂದರು. ಕೆಟ್ಟ ಮನುಷ್ಯರಲ್ಲ, ಮೆತ್ತಗೇ ಮಾತಾಡಿದರು. ಹೇಗೂ ಪಾಳುಬಿದ್ದ ಗುಡ್ಡ, ಅಲ್ಲಿ ಏನೂ ಇಲ್ಲ, ಊರಿಗೆ ಸೌದೆಯಾದರೂ ಆಗಲಿ ಎಂಬುದು ಅವರ ಲೆಕ್ಕ. ಗಂಡಸರು ತಲೆಯಾಡಿಸಿದರು. ಹೆಂಗಸರ ಸಾಲಿನ ಕೊನೆಯಲ್ಲಿದ್ದ ಅವ್ವ ಸೆರಗು ಬಿಗಿಮಾಡಿಕೊಂಡು ಮುಂದೆ ಬಂದಳು. ಅಷ್ಟು ಜನರ ಎದುರು ಅವಳು ಬಾಯಿ ತೆರೆದದ್ದನ್ನು ನಾನು ಕಂಡೇ ಇರಲಿಲ್ಲ. ನಾಚಿಕೆಯಾಗಿ ಕಂಬದ ಹಿಂದೆ ಸರಿದೆ.

“ಏನೂ ಇಲ್ಲ ಅನ್ಬ್ಯಾಡಿ ಸಾ. ಒತ್ತು ಮುಳುಗಾಗಂಟ ಟೇಮ್ ಕೊಡಿ, ಏನೈತೆ ಅಂತ ತೋರುಸ್ತೀನಿ.”

ಯಾರೋ ನಕ್ಕರು. ಆಫೀಸರು ನಗಲಿಲ್ಲ. ರಾಮನಾಥಪುರದಲ್ಲಿ ಕೆಲಸವಿದೆ, ಸಂಜೆ ಇದೇ ದಾರಿಯಲ್ಲಿ ಬರುತ್ತೇನೆ ಎಂದು ಹೊರಟರು.

ಅವ್ವ ನನ್ನ ಕೈಗೆ ನೋಟ್‌ಬುಕ್ಕು ಕೊಟ್ಟು ಗುಡ್ಡಕ್ಕೆ ಎಳೆದುಕೊಂಡು ಹೋದಳು. ನಾಲ್ಕಾರು ಹೆಂಗಸರು ಹಿಂದೆಯೇ ಬಂದರು. ಅವಳು ಬಗ್ಗಿ ಕುಡಿ ಚಿವುಟಿ ಹೆಸರು ಹೇಳುವಳು, ನಾನು ಬರೆಯುವೆ: ಅಣ್ಣೆ, ಗೋಣಿ, ಗಣಿಕೆ, ಮಂಗರಬಳ್ಳಿ, ಮಡಹಾಗಲ. ಯಾವುದು ಎಳೆಯದಾಗಿದ್ದಾಗ ಮಾತ್ರ ರುಚಿ, ಯಾವುದನ್ನು ಎರಡು ಸಲ ಬಸಿಯಬೇಕು, ಎಲ್ಲ ಅವಳ ಬಾಯಲ್ಲೇ ಇತ್ತು. ಆತುರದಲ್ಲಿ ನಾನೊಂದು ಗಿಡವನ್ನು ಬೇರುಸಹಿತ ಕಿತ್ತೆ. ಬರುವ ವರ್ಷ ಏನು ತಿನ್ನುತ್ತೀಯೆ ಎಂದು ಕೈಗೊಂದು ಏಟು ಬಿತ್ತು. ಓದುಬರಹ ಬಾರದ ಅವಳು ಒಂದು ಹೆಸರಿಗೂ ತಡವರಿಸಲಿಲ್ಲ. ಒತ್ತಕ್ಷರಗಳಿಗೆ ತಡವರಿಸಿದವಳು ನಾನು.

ಸಂಜೆ ಜೀಪು ಬರುವಷ್ಟರಲ್ಲಿ ಶಾಲೆಯ ಜಗಲಿಯುದ್ದಕ್ಕೂ ಮುತ್ತುಗದ ಎಲೆ ಹಾಸಿ, ಒಂದೊಂದರ ಮೇಲೆ ಒಂದೊಂದು ಕುಡಿ ಇಟ್ಟು, ಪಕ್ಕದಲ್ಲಿ ನನ್ನ ಕೈಬರಹದ ಚೀಟಿ ಇಟ್ಟಿದ್ದೆವು. ಮೂವತ್ತೆರಡು ಬಗೆ. ಆಫೀಸರು ಒಂದೊಂದನ್ನೂ ಬಗ್ಗಿ ಓದಿದರು. ಇವನ್ನೆಲ್ಲ ಯಾವಾಗ ತಿನ್ನುತ್ತೀರಿ ಎಂದು ಕೇಳಿದರು.

“ಕೂಲಿ ಇಲ್ದಾಗ ಸಾ. ನೀವು ನೆಡೋ ಮರದ ಎಲೇನ ಮೇಕೆನೂ ಮೂಸಾಕಿಲ್ಲ. ನಮ್ ಮಕ್ಳಿಗೆ ಏನಿಕ್ಕನ?”

ಆಗ ಹಿಂದಿನಿಂದ ಗೌಡರ ಮನೆಯ ದೊಡ್ಡವ್ವ ಮಾತಾಡಿದರು. ನಮ್ಮ ಬೀದಿಗೆ ಎಂದೂ ಕಾಲಿಡದ ಮುದುಕಿ. ಅವರ ಸೊಸೆಯರ ಬಾಣಂತನಕ್ಕೆ ಸೊಪ್ಪು ತಂದು ಜಗಲಿಯ ಮೇಲಿಟ್ಟು ಬರುತ್ತಿದ್ದವಳು ಅವ್ವ.

“ಅವ್ಳು ಯೋಳಾದು ದಿಟ ಕಣಪ್ಪ. ನಮ್ಮನೆ ಬಾಣಂತೀರು ಮೈಯಿಡ್ಕಂಡಿದ್ದು ಆ ಸೊಪ್ಪಿನಿಂದ್ಲೇಯ.”

ಅದಾದ ಮೇಲೆ ಗಂಡಸರಲ್ಲಿ ಯಾರೂ ನಗಲಿಲ್ಲ. ವಾರದ ನಂತರ ಸುದ್ದಿ ಬಂತು. ಕೆರೆಯ ಕಡೆಯ ಇಳಿಜಾರನ್ನು ಮುಟ್ಟುವುದಿಲ್ಲ, ನೀಲಗಿರಿ ಆಚೆ ಬದಿಗೆ ಮಾತ್ರ. ಅವ್ವ, ಅರ್ಧವಾದರೂ ಉಳಿಯಿತಲ್ಲ ಎಂದು ಒಲೆಯ ಮುಂದೆ ಕುಳಿತಳು. ಶಾಲೆಯಲ್ಲಿ ಮೇಷ್ಟ್ರು ನನ್ನಿಂದ ಆ ಹೆಸರುಗಳನ್ನು ಕ್ಲಾಸಿಗೆಲ್ಲ ಓದಿಸಿದರು. ಪುಟ್ಟಮ್ಮನ ಮಗಳು ಎಂದು ಕರೆಸಿಕೊಳ್ಳುವುದು ಅಂದಿನಿಂದ ನನಗೆ ಬಹುಮಾನದಂತಾಯಿತು. ಇಂದಿಗೂ ಹಾಗೆಯೇ.

ಈಗ ನಾನು ಅರಕಲಗೂಡಿನ ಕಡೆ ಅಂಗನವಾಡಿ ಟೀಚರು. ಅವ್ವ ಹೋಗಿ ಆರು ವರ್ಷ. ಈಚೆಗೆ ಹಾಸನದಲ್ಲಿ ನಡೆದ ಪೌಷ್ಟಿಕ ಆಹಾರದ ತರಬೇತಿಯಲ್ಲಿ ಪಾಠ ಹೇಳುತ್ತಿದ್ದವರು, ರಕ್ತ ಕಡಿಮೆಯಿರುವ ಗರ್ಭಿಣಿಯರಿಗೆ ಸೊಪ್ಪು ತಿನ್ನಲು ಹೇಳಿ ಎಂದರು. ಉದಾಹರಣೆಗೆ ಪಾಲಕ್, ಮೆಂತ್ಯ ಎಂದರು. ನಾನು ಎದ್ದು ನಮ್ಮ ಸೊಪ್ಪುಗಳ ಹೆಸರು ಹೇಳುತ್ತಾ ಹೋದೆ. ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ನಮ್ಮವ್ವನ ಹತ್ತಿರ ಎಂದೆ. ಮುಂದಿನ ವಾರ ತಂದು ತೋರಿಸಿ ಎಂದು ಒತ್ತಾಯ ಮಾಡಿದರು.

ಭಾನುವಾರ ಊರಿಗೆ ಹೋಗಿ ಗುಡ್ಡ ಹತ್ತಿದೆ. ಉಳಿದಿದ್ದ ಅರ್ಧವನ್ನೂ ಲಂಟಾನದ ಮುಳ್ಳುಪೊದೆ ಮುಚ್ಚಿದೆ. ಕೆಳಗಿನ ಬದುಗಳೆಲ್ಲ ಕಳೆನಾಶಕಕ್ಕೆ ಸುಟ್ಟಿವೆ. ಮಧ್ಯಾಹ್ನದವರೆಗೆ ಹುಡುಕಿ ತಂದದ್ದು ಏಳು ಬಗೆ. ಹಾಸನದ ತರಬೇತಿಯ ಮೇಜಿನ ಮೇಲೆ ಅವನ್ನು ಇಟ್ಟು, ಸಿಗದ ಗಿಡಗಳ ಎಲೆ ಎಷ್ಟಗಲ, ಹೂವು ಯಾವ ಬಣ್ಣ ಎಂದು ಬರಿಗೈಯಲ್ಲಿ ತೋರಿಸಿದೆ.