ಚಪ್ಪಲಿಯೊಳಗೆ ಕಿತ್ತಳೆ ಹಣ್ಣು

ಡಿಸೆಂಬರ್ ಆರರ ಬೆಳಿಗ್ಗೆ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲು ತೆರೆದವಳು ಬೆಚ್ಚಿಬಿದ್ದೆ. ಹೊರಗೆ ಬಿಟ್ಟಿದ್ದ ನಮ್ಮೆಲ್ಲರ ಚಪ್ಪಲಿ, ಶೂಗಳೊಳಗೆ ಯಾರೋ ಒಂದೊಂದು ಕಿತ್ತಳೆ ಹಣ್ಣು, ಎರಡೆರಡು ಅಕ್ರೋಟು ಇಟ್ಟಿದ್ದರು. ಹಣ್ಣುಗಳನ್ನು ಒರೆಸಿ ಹೊಳಪು ಬರಿಸಿದ್ದರು ಬೇರೆ.

“ಅಯ್ಯೋ ರಾಮ, ಯಾರೋ ಮಾಟ ಮಾಡಿಸಿದಾರೆ ಕಣೇ! ಕೈಯಲ್ಲಿ ಮುಟ್ಟಬೇಡ, ಪೊರಕೇಲಿ ತಳ್ಳು” ಎಂದು ಅತ್ತೆ ಕೂಗಿಕೊಂಡರು.

ಪೊರಕೆ ತಂದು ಮೊದಲ ಹಣ್ಣನ್ನು ತಳ್ಳಿದೆ. ಅಷ್ಟರಲ್ಲಿ, ಹಿಂದಿನ ದಿನವಷ್ಟೇ ಎದುರು ಮನೆಗೆ ಬಂದಿದ್ದ ಜರ್ಮನ್ ಅಜ್ಜಿ ನಗುತ್ತ ಬಾಗಿಲಿಗೆ ಬಂದರು. “ನಮ್ಮ ದೇಶದಲ್ಲಿ ಇವತ್ತು ಹಬ್ಬ. ಹಿಂದಿನ ರಾತ್ರಿ ಮಕ್ಕಳು ಹೀಗೇ ಬಾಗಿಲಲ್ಲಿ ಶೂ ಇಡ್ತಾರೆ, ಸಂತ ನಿಕೋಲಸ್ ಬಂದು ತುಂಬಿಸಿ ಹೋಗ್ತಾನೆ. ನೀವಂತೂ ಮನೆಮಂದಿಯೆಲ್ಲ ಇಟ್ಟಿದ್ದೀರಿ!” ಎಂದು ಇಂಗ್ಲಿಷಿನಲ್ಲಿ ಹೇಳಿದವರು ಪೊರಕೆ ನೋಡಿದರು. ನಗು ಅಲ್ಲೇ ಆರಿಹೋಯಿತು.

ಪೊರಕೆಯನ್ನು ಬೆನ್ನ ಹಿಂದೆ ಸರಿಸಿದೆ. ಪಿಸುದನಿಯಲ್ಲಿ ಅತ್ತೆಗೆ ವಿಷಯ ತಿಳಿಸಿದೆ. ಮಡಿಯ ಅತ್ತೆ ಬಗ್ಗಿ, ತಮ್ಮ ಚಪ್ಪಲಿಯಿಂದಲೇ ಹಣ್ಣು ತೆಗೆದು ಕಣ್ಣಿಗೊತ್ತಿಕೊಂಡರು. “ತೊಳ್ಕೊಂಡು ತಿಂದ್ರಾಯ್ತು ಬಿಡು” ಎಂದರು.

ಅಜ್ಜಿ ಮತ್ತೆ ನಕ್ಕರು, ನಿಜ. ಆದರೂ ಒಬ್ಬರ ಹಬ್ಬವನ್ನು ಗುಡಿಸಿ ಕಸಕ್ಕೆ ಹಾಕುವುದರಲ್ಲಿದ್ದೆನಲ್ಲ ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.