ಒಂದು ದಿನದ ನೇಮ

ಪಕ್ಕದ ಮನೆಯ ಅಮ್ಮನ ಎರಡೂ ಮೊಣಕೈಗಳು ಕಪ್ಪುಗಟ್ಟಿ ಒರಟಾಗಿದ್ದವು. ಕಿಟಕಿಯ ಕಲ್ಲಿನ ಮೇಲೆ ವರ್ಷಗಟ್ಟಲೆ ಊರಿದ ಮೊಣಕೈಗಳು ಅವು. ಆ ಕಿಟಕಿಗೂ ನನ್ನ ಕೋಣೆಯ ಕಿಟಕಿಗೂ ನಡುವೆ ಎತ್ತಿನಗಾಡಿ ನುಗ್ಗಲಾರದಷ್ಟು ಇಕ್ಕಟ್ಟಾದ ಓಣಿಯಿತ್ತು.

ಐವತ್ತರ ದಶಕದ ಕೊನೆ. ಚನ್ನರಾಯಪಟ್ಟಣದ ಹುಡುಗಿಯರ ಶಾಲೆಗೆ ಮೇಡಂ ಆಗಿ ಸೇರಿ ವರ್ಷ ತುಂಬುವುದರೊಳಗೆ ನನಗೆ ಕ್ಷಯ ಅಂಟಿತು. ಆರು ತಿಂಗಳು ಹೊಸ್ತಿಲು ದಾಟಕೂಡದು ಎಂದರು ಡಾಕ್ಟರು. ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆಯಾಯಿತು. ಮೊದಲ ತಿಂಗಳಲ್ಲೇ ನಾನು ಕೆಟ್ಟೆ. ತಲೆ ಬಾಚುವುದು ಬಿಟ್ಟೆ. ಹಗಲೆಲ್ಲ ಮುಸುಕು ಹಾಕಿ ಬಿದ್ದಿರುತ್ತಿದ್ದೆ. ಊಟ ತಂದಿಟ್ಟ ತಾಯಿಯ ಮೇಲೆ ಹರಿಹಾಯುತ್ತಿದ್ದೆ. ಇಂಜೆಕ್ಷನ್ನಿಗೆ ಕೆಮ್ಮು ತಗ್ಗಿತು, ಮನಸ್ಸು ಮಾತ್ರ ದಿನದಿಂದ ದಿನಕ್ಕೆ ಕುಸಿಯಿತು. ಬದುಕುವ ಆಸೆಯೇ ಹೋಗಿತ್ತು ಎನ್ನಲು ಈಗ ನನಗೆ ನಾಚಿಕೆಯಿಲ್ಲ.

ಪಕ್ಕದ ಮನೆಯ ಅಮ್ಮ ಜೈನರು, ಜಿನನಾಥಪುರದಿಂದ ಆ ಮನೆಗೆ ಸೊಸೆಯಾಗಿ ಬಂದು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯಬೇಕು. ಆಮೇಲೆ ಬಾಯಿಗೆ ಏನನ್ನೂ ಹಾಕರು. ಒಂದು ಬೆಳಿಗ್ಗೆ ಕಿಟಕಿಯಿಂದ ಕೂಗಿದರು.

"ಮೇಷ್ಟ್ರಮ್ಮ, ಒಂದು ನೇಮ ತಗೋ."

"ನಂಗ್ಯಾಕಮ್ಮ ನೇಮ? ಆರು ತಿಂಗ್ಳು ಇರ್ತೀನೋ ಇಲ್ವೋ."

"ಆರು ತಿಂಗ್ಳು ಯಾರು ಕೇಳಿದ್ರವ್ವ? ಇವತ್ತೊಂದಿನದ್ದು ಕಣ. ಹೊತ್ತು ಮುಳುಗೋದ್ರೊಳಗೆ ತಲೆ ಬಾಚ್ಕಂಡು ಕಿಟಕೀಲಿ ಕೂತ್ಕೋ. ಅಷ್ಟೇಯ."

ಅವರ ಕಾಟ ತಪ್ಪಲಿ ಎಂದು ಕೂತೆ. ಮರುದಿನವೂ ಅದೇ "ಇವತ್ತೊಂದಿನದ್ದು". ಜೊತೆಗೆ ಚಿಲ್ಲರೆ ನೇಮಗಳು: ಇವತ್ತು ಮುಸುಕು ಹಾಕಕೂಡದು, ಇವತ್ತು ಅವ್ವನನ್ನು ಬೈಯಕೂಡದು. ಇದೇ ಎಲ್ಲದಕ್ಕಿಂತ ಕಷ್ಟದ್ದು.

ಒಂದು ಸಂಜೆ, ಶಾಲೆಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದರೆಂಬ ಸುದ್ದಿ ಬಂತು. ಅಮ್ಮ ಮೂರು ಸಲ ಕೂಗಿದರು. ನಾನು ಕಂಬಳಿ ಎಳೆದುಕೊಂಡು ಕೇಳಿಸದವಳಂತೆ ಬಿದ್ದಿದ್ದೆ.

ಬೆಳಿಗ್ಗೆ ಕಿಟಕಿಯಲ್ಲಿ ಅವರ ಸೊಸೆ ನಿಂತಿದ್ದಳು, ಮುಖ ಊದಿಸಿಕೊಂಡು. "ನಿನ್ನೆ ಸಂಜೆ ನಮ್ಮತ್ತೆ ಉಪಾಸ ಕಣ್ರೀ. ನೀವು ಕಿಟಕೀಲಿ ಕೂತ್ರೇನೇ ಊಟ ಅಂತ ಅವ್ರೂ ನೇಮ ಮಾಡ್ಕಂಡವ್ರೆ, ಮೊದಲ್ನೇ ದಿನದಿಂದ್ಲೂವೆ. ನಿಮ್ಗೆ ಹೇಳ್ಬ್ಯಾಡ ಅಂದಿದ್ರು."

ನನಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಮೊದಮೊದಲು ಅವರ ಹೊಟ್ಟೆಗಾಗಿ ಏಳುತ್ತಿದ್ದೆ. ಬರಬರುತ್ತಾ, ಬೆಳಗಾಗುತ್ತಲೇ ತಾನಾಗಿ ಎಚ್ಚರವಾಗತೊಡಗಿತು, ಹಸಿವಾಗತೊಡಗಿತು. ಆಸೆ ಬಂದ ಮೇಲೆ ಏಳುತ್ತೇನೆ ಎಂದು ನಾನು ಮಲಗಿದ್ದೆ. ಎದ್ದವರಿಗೇ ಆಸೆ ಬರುವುದೆಂದು ಆ ಓದುಬರಹವಿಲ್ಲದ ಹೆಂಗಸಿಗೆ ಗೊತ್ತಿತ್ತು.

ಡಾಕ್ಟರು ಹೊರಗೆ ಹೋಗಬಹುದೆಂದ ದಿನ ಓಣಿ ದಾಟಿ ಅವರ ಕಾಲಿಗೆ ಬಿದ್ದೆ. ಯಾರೋ ಹುಡುಗಿಗೋಸ್ಕರ ಹೊಟ್ಟೆಗೆ ತಣ್ಣೀರು ಬಟ್ಟೆ ಯಾಕೆ ಕಟ್ಟಿಕೊಂಡಿರೆಂದು ಕೇಳಿದೆ.

"ನಮ್ಮೆಜಮಾನ್ರು ಹೋದಾಗ ನನ್ನೂ ಒಂದು ವರ್ಷ ಒಳಗೇ ಕೂರಿಸಿದ್ರು ಕಣವ್ವ" ಎಂದರು. "ದಿನಾ ಇಲ್ಲೇ ಕೂತ್ಕಂಡು ನೋಡ್ತಿದ್ದೆ. ನಿಮ್ಮನೇಲಿ ಆಗ ಬೇರೆ ಯಾರೋ ಇದ್ರು. ಒಂದಿನಾನೂ ಆ ಕಿಟಕಿ ತೆಗೀಲಿಲ್ಲ."

ಅವರು ತೀರಿಕೊಂಡಾಗ ನಾನು ಅರಕಲಗೂಡಿನಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ಮುಟ್ಟಿದ್ದು ಮೂರು ದಿನ ತಡವಾಗಿ. ಆ ಕಾಯಿಲೆಯಿಂದೀಚೆ ನಾನು ಬದುಕಿದ ಇಷ್ಟೆಲ್ಲ ವರ್ಷಗಳ ಬುಡದಲ್ಲಿ ಅವರು ಉಣ್ಣದೇ ಬಿಟ್ಟ ಒಂದು ಹೊತ್ತಿನ ಊಟವಿದೆ.