ಹೆಬ್ಬೆರಳಷ್ಟು ಅಗಲದ ಹಳಿ

ನನ್ನ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ, ಹಳೆಯ ಬಾಗಿಲೊಂದನ್ನು ಎರಡು ಪೀಪಾಯಿಗಳ ಮೇಲೆ ಮಲಗಿಸಿ, ಅಣ್ಣ ತಾನು ದುಡಿದ ಚಿನ್ನದ ಗಣಿಯನ್ನು ಚಿಕ್ಕದಾಗಿ ಕಟ್ಟಲು ಶುರು ಮಾಡಿದ್ದ. ಗಣಿಯೊಳಗಿಂದ ಕಲ್ಲು ಹೊರಗೆ ತರುವ ಸಣ್ಣ ರೈಲನ್ನು ನಿವೃತ್ತಿಯವರೆಗೂ ಓಡಿಸಿದವನು ಅವನು. ಕುಬಿಹಾಳಕ್ಕೆ ಮರಳಿದ ಮೇಲೆ ಬಂದವರೆಲ್ಲ ಗಣಿ ಹೆಂಗಿತ್ತು ಎಂದು ಕೇಳುತ್ತಿದ್ದರು. "ಹೇಳಿದ್ರ ತಿಳಿಯೂದಿಲ್ಲ, ಮಾಡೇ ತೋರಸ್ತೀನಿ" ಎಂದ.

ನಾನು ಗಣಿ ಕಂಡವನಲ್ಲ. ಅವನು ಹೇಳಿದಂತೆ ಕೈ ಆಡಿಸುತ್ತಿದ್ದೆ. ಸೈಕಲ್ ಅಂಗಡಿಯ ಚಾಚಾ ಪುಕ್ಕಟೆ ಕೊಟ್ಟ ಗಾಲಿ ಕಡ್ಡಿಗಳೇ ಹಳಿಗಳು. ಹಳಿಯ ಕೆಳಗಿನ ಪಟ್ಟಿಗಳಿಗೆ ಬೇವಿನ ಕಟ್ಟಿಗೆ ಸೀಳಿದೆವು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಕಲ್ಲುಗಾಡಿ ಮಾಡಿದೆವು. ಎರಡು ಹಳಿಗಳ ನಡುವೆ ಅಣ್ಣನ ಹೆಬ್ಬೆರಳು ಕೂರಬೇಕು, ಅದೇ ಅಳತೆ. ರೈಲಿನ ಹಿಡಿಕೆ ಹಿಡಿದು ಹಿಡಿದು ದಪ್ಪಗಾಗಿದ್ದ ಬೆರಳು ಅದು. ನಾನು ಅಳತೆಪಟ್ಟಿ ತಂದರೆ, "ಇಡಲೇ ಆ ಕಡೆ, ನನ್ನ ಬೆರಳೇನು ದಿನಾ ಬೆಳೀತೈತೇನು?" ಎಂದು ಬೈಯುತ್ತಿದ್ದ.

ಹಳಿ ಅರ್ಧ ಬಾಗಿಲಿನವರೆಗೆ ಬಂದಿತ್ತು. ದೀಪಾವಳಿಗೆ ಮುಂಚೆ ಎದೆನೋವು ಎಂದವನು ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಲಿಲ್ಲ.

ಮೂರು ತಿಂಗಳು ಆ ಕೋಣೆಗೆ ನಾನು ಹೋಗಲಿಲ್ಲ. ಆಮೇಲೆ ಒಂದು ದಿನ, ಅವನು ಕಟ್ಟಬೇಕೆಂದಿದ್ದ ಗಣಿಯ ಗುಡ್ಡವನ್ನಾದರೂ ಮುಗಿಸೋಣ ಎನ್ನಿಸಿತು. ಹೊಲದಿಂದ ಒಂದು ಚೀಲ ಕಪ್ಪು ಎರಿಮಣ್ಣು ತಂದು ಕಲಸಿ, ಗುಡ್ಡ ಮತ್ತು ಗಣಿಯ ಬಾಯಿ ಮೆತ್ತಿದೆ. ಅಣ್ಣ ಅಂಟು ಹಚ್ಚಿ ಕೂರಿಸಿದ್ದ ಹಳಿಯ ಸಂದುಗಳಲ್ಲೂ ತುಂಬಿದೆ. ಹಸಿ ಇದ್ದಾಗ ಬೆಣ್ಣೆಯಂತೆ ಕೂತಿತ್ತು. ವಾರದೊಳಗೆ ಒಣಗಿ, ಬೇಸಿಗೆಯ ನಮ್ಮ ಹೊಲದ ಹಾಗೆಯೇ ಬಾಯಿ ಬಿಟ್ಟಿತು. ಪಟ್ಟಿಗಳನ್ನೆಲ್ಲ ಎಳೆದು ಕಿತ್ತಿತ್ತು. ಅಣ್ಣ ಕೈಯಾರೆ ಹಾಕಿದ ಹಳಿ ಒಂದು ಗೇಣೂ ಉಳಿದಿರಲಿಲ್ಲ.

ಜೋಳ ಬೀಸಿಸಲು ಬಂದ ವೈನಿ, ಅಣ್ಣನ ಹೆಂಡತಿ, ಗಿರಣಿಯಲ್ಲಿ ನಾನು ಕಾಣದೆ ಹಿಂದಕ್ಕೆ ಬಂದರು. ಅಣ್ಣ ಹೋದ ಮೇಲೆ ಅವರೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಬಿರುಕು ನೋಡಿದರು, ನನ್ನ ಮುಖ ನೋಡಿದರು.

"ಎರಿ ಹೊಲದಾಗ ಹುಟ್ಟಿ ಬೆಳದಿ, ಇಷ್ಟೂ ತಿಳೀಲಿಲ್ಲೇನೋ ತಮ್ಮಾ?" ಎಂದು ನಕ್ಕರು. ಅಷ್ಟು ದಿನಗಳಲ್ಲಿ ಅವರ ನಗು ಅದೇ ಮೊದಲು ಕೇಳಿದ್ದು. "ಮತ್ತ ಆ ಗಣಿ ಕಡೆ ಮಣ್ಣು ಕರಿದಲ್ಲ, ಅಗದಿ ಕೆಂಪು. ಅವರ ಅಂಗಿ ಒಗದು ಒಗದು ನನ್ನ ಕೈ ಸವದಾವು, ನನಗ ಕೇಳಬಾರದೇನು?"

ಕೇಳಬೇಕಿತ್ತು. ದುಃಖ ನನ್ನೊಬ್ಬನದೇ ಎಂದುಕೊಂಡು ಕೂತಿದ್ದೆ.

ದುಮ್ಮವಾಡದ ತವರಿನಿಂದ ವೈನಿ ಕೆಂಪು ಮಣ್ಣು ತರಿಸಿದರು. ಮನೆ ಗೋಡೆಗೆ ಕಲಸುವ ಹಾಗೆ ಹೊಟ್ಟು ಹಾಕಿ, ಮೂರು ದಿನ ಕೊಳೆಸಿ, ತಾವೇ ನಾದಿ ಗುಡ್ಡ, ಹಳಿಗೊಂದು ಇಳಿಜಾರು ಮೆತ್ತಿದರು. ಅದು ಒಣಗಿತು. ಕೂದಲೆಳೆಯಷ್ಟೂ ಬಿರಿಯಲಿಲ್ಲ.

ಉಳಿದದ್ದು ಹಳಿ. ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಕೂತೆ.

"ಅಳತೀನ ಹೋತಲ್ರಿ ವೈನಿ" ಎಂದೆ. ಗಾಡಿಯ ಗಾಲಿ ನೋಡಿ ಅಳತೆ ಹಿಡಿಯಬಹುದು ಎಂದು ನನಗೂ ಗೊತ್ತಿತ್ತು. ಆದರೂ ಕೈ ಏಳಲಿಲ್ಲ.

ವೈನಿ ತೋರುಬೆರಳು, ನಡುಬೆರಳು ಜೋಡಿಸಿ ಮಣ್ಣಿನ ಮೇಲಿಟ್ಟರು. "ಅವರ ಹೆಬ್ಬೆರಳಂದ್ರ ನನ್ನ ಎರಡು ಬೆರಳು. ಹಚ್ಚು."

ಅವರು ಬೆರಳು ಸರಿಸುತ್ತ ಹೋದರು, ಎರಡೂ ಬದಿಗೆ ನಾನು ಅಂಟು ಹಚ್ಚಿ ಕಡ್ಡಿ ಕೂರಿಸುತ್ತ ಹೋದೆ.

ಅಂಟು ಆರಿದ ಮೇಲೆ ಗಾಡಿಯನ್ನು ಗಣಿಯ ಬಾಯಲ್ಲಿಟ್ಟು ಬಿಟ್ಟೆ. ಕಟಕಟ ಎನ್ನುತ್ತ ಇಳಿದು, ಎಲ್ಲೂ ಬೀಳದೆ ಬಾಗಿಲಿನ ತುದಿಗೆ ಬಂದು ನಿಂತಿತು.

ವೈನಿ ಅದನ್ನು ಎರಡು ಬೆರಳಿನಿಂದ ಮತ್ತೆ ಮೇಲಕ್ಕೆ ತಳ್ಳಿದರು.

"ಇನ್ನೊಮ್ಮೆ ಬಿಡು" ಎಂದರು.